ಏರೋಡ್ರಮ್ಮಿನ ತಗಡು

ಕೋಲಾರದ ಪಕ್ಕದ ನಮ್ಮ ಹಳ್ಳಿಮನೆಯ ದನದ ಕೊಟ್ಟಿಗೆಯನ್ನು ಕಳೆದ ಆಷಾಢದಲ್ಲಿ ಕೆಡವಿಸಬೇಕಾಯಿತು. ಗಂಜಲದ ಮೋರಿಯ ಮೇಲೆ ಹಾಸಿದ್ದ ಉದ್ದನೆಯ ಉಕ್ಕಿನ ತಗಡನ್ನು ಗುಜರಿಯವನು ತಕ್ಕಡಿಯತ್ತ ಎಳೆಯುತ್ತಿದ್ದಾಗ ನಾನು ತಡೆದೆ. ಮನೆಯವರೆಲ್ಲ ಅದನ್ನು ‘ಏರೋಡ್ರಮ್ಮಿನ ತಗಡು’ ಎಂದೇ ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ತಾತ ಅದನ್ನು ಕೋಲಾರದ ಏರೋಡ್ರಮ್ಮಿನಿಂದ, ಅಂದರೆ ವಿಮಾನಗಳು ಇಳಿಯುತ್ತಿದ್ದ ಬಯಲಿನಿಂದ, ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ.

ಮೆತ್ತಿದ್ದ ಸಗಣಿಯನ್ನು ಕೆರೆದು, ನಾಲ್ಕು ಬಿಂದಿಗೆ ನೀರು ಸುರಿದು ತೊಳೆದೆ. ಹತ್ತು ಅಡಿ ಉದ್ದ, ಒಂದೂಕಾಲು ಅಡಿ ಅಗಲ. ಬೆರಳಿಟ್ಟು ಎಣಿಸಿದಾಗ ಮೂರು ಸಾಲುಗಳಲ್ಲಿ, ಸಾಲಿಗೆ 29ರಂತೆ, 87 ದುಂಡು ತೂತುಗಳಿದ್ದವು. ಒಂದು ಅಂಚಿನಲ್ಲಿ ಕೊಕ್ಕೆಗಳು, ಇನ್ನೊಂದರಲ್ಲಿ ಆ ಕೊಕ್ಕೆಗಳು ಕೂರುವ ಸೀಳುಗಳು. ಸುಮಾರು 30 ಕಿಲೋ ತೂಗುವ ಇಂಥ ತಗಡುಗಳನ್ನು ಒಂದಕ್ಕೊಂದು ಹೆಣೆದು ಹಾಸಿದರೆ ಮೆತ್ತನೆಯ ಮಣ್ಣೂ ವಿಮಾನದ ಭಾರ ತಾಳುತ್ತಿತ್ತು. 1941ರ ನವೆಂಬರ್‌ನಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಮಾರ್ಸ್ಟನ್ ಎಂಬ ಊರಿನ ಬಳಿ ಇವನ್ನು ಮೊದಲು ಹಾಸಿ ನೋಡಿದ್ದರಿಂದ ಮಾರ್ಸ್ಟನ್ ಹಾಸು ಎಂಬ ಹೆಸರು ಬಂತು.

ಜಗಲಿಯಲ್ಲಿ ಕುಳಿತಿದ್ದ ದೊಡ್ಡಪ್ಪ ಇದನ್ನೆಲ್ಲ ನೋಡುತ್ತಿದ್ದರು. ಯುದ್ಧಕಾಲದಲ್ಲಿ ಅವರಿಗೆ ಏಳೆಂಟು ವರ್ಷ. ದನ ಮೇಯಿಸುತ್ತ ಕಂಡ ವಿಮಾನಗಳನ್ನು ಅವರು ಮರೆತಿಲ್ಲ. “ಎಲ್ಲೂ ಹೋಗ್ತಿರ್ಲಿಲ್ಲಪ್ಪ ಅವು, ಇಲ್ಲೇ ಸುತ್ತೋವು. ಇಳಿಯೋವು, ಚಕ್ರ ನೆಲಕ್ಕೆ ತಾಕ್ತಿದ್ದಂಗೇ ತಿರ್ಗಾ ಏಳೋವು” ಎಂದರು. ಈ ಮಾತನ್ನು ಅವರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದರ ಅರ್ಥ ನನಗೆ ಹೊಳೆದದ್ದು ನಿವೃತ್ತಿಯ ನಂತರ, ಬ್ರಿಟಿಷ್ ವಾಯುಪಡೆಯ ಚರಿತ್ರೆಯನ್ನು ಓದತೊಡಗಿದ ಮೇಲೆ.

ಆಗ ಕೋಲಾರದಲ್ಲಿದ್ದದ್ದು ರಾಯಲ್ ಏರ್ ಫೋರ್ಸಿನ 1673ನೆಯ ತರಬೇತಿ ಘಟಕ. ವೆಲಿಂಗ್ಟನ್‌ನಂಥ ಎರಡು ಎಂಜಿನ್ನಿನ ವಿಮಾನಗಳಲ್ಲಿ ಕೈ ಪಳಗಿದ್ದ ಚಾಲಕರನ್ನು, ಅವರ ಜೊತೆಯ ಸಿಬ್ಬಂದಿಯನ್ನು, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರಿಗೆ ಒಗ್ಗಿಸುವುದು ಅದರ ಕೆಲಸ. ವೆಲಿಂಗ್ಟನ್ನಿನ ಮೂರನೆಯ ಚಕ್ರ ಬಾಲದಲ್ಲಿದ್ದರೆ ಲಿಬರೇಟರಿನದು ಮೂತಿಯ ಕೆಳಗಿತ್ತು. ರೆಕ್ಕೆಗಳ ಹರವು 110 ಅಡಿ, ಒಂದೊಂದು ಎಂಜಿನ್ನಿನ ಶಕ್ತಿ 1,200 ಅಶ್ವಶಕ್ತಿ. ಇಂಥದ್ದನ್ನು ನೆಲಕ್ಕಿಳಿಸುವ ಪಾಠವನ್ನು ಮೊದಲಿನಿಂದ ಕಲಿಯಬೇಕಾದವರು ದಿನವಿಡೀ ಇಳಿಯುತ್ತ, ಏಳುತ್ತ, ಒಂದೇ ಬಯಲನ್ನು ಸುತ್ತದೆ ಇನ್ನೇನು ಮಾಡಿಯಾರು? ದನ ಮೇಯಿಸುವ ಹುಡುಗನ ಕಣ್ಣು ಏನನ್ನೂ ತಪ್ಪಾಗಿ ಕಂಡಿರಲಿಲ್ಲ.

ಜಿಲ್ಲೆಯ ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದ ನಾನು ಅದೇ ಯುದ್ಧದ ಇಂಫಾಲದ ಕಾಳಗವನ್ನು ಎಷ್ಟೋ ಸಲ ವಿವರಿಸಿದ್ದೇನೆ, ಆದರೆ ಕಿಟಕಿಯಾಚೆಗಿನ ಈ ಆಕಾಶದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಅದು ಇಂದಿಗೂ ನನ್ನನ್ನು ನೋಯಿಸುತ್ತದೆ. ತರಬೇತಿಯ ನೆಲೆಯಲ್ಲಿ ಯುದ್ಧ ನಡೆಯದಿದ್ದರೂ, ಯುದ್ಧಕ್ಕೆ ಹೋದವರು ಅಲ್ಲಿಂದಲೇ ಹೊರಟವರಲ್ಲವೇ?

ಆ ಸಂಜೆ ದೊಡ್ಡಪ್ಪನ ಪಕ್ಕದಲ್ಲಿ ಕುಳಿತು ನಾನು ಓದಿದ್ದನ್ನು ಹೇಳಿದೆ. 1944ರ ನವೆಂಬರ್ 8ರಂದು ಇದೇ ಕೋಲಾರದಲ್ಲಿ, ಇದೇ ಘಟಕದಿಂದ 358ನೆಯ ಸ್ಕ್ವಾಡ್ರನ್ (ವಿಮಾನದಳ) ಹುಟ್ಟಿತೆಂದೂ, ಮರುವರ್ಷದ ಜನವರಿಯಲ್ಲಿ ಅದು ಬರ್ಮಾದ ಮಂಡಲೆಯ ಮೇಲೆ ಬಾಂಬು ಹಾಕಿತೆಂದೂ, ಆಮೇಲೆ ಬಂಗಾಳದ ಜೆಸ್ಸೋರಿನಿಂದ ಹಾರುತ್ತ, ಜಪಾನೀಯರ ವಶದಲ್ಲಿದ್ದ ಬರ್ಮಾ, ಸಯಾಮ್ (ಇಂದಿನ ಥಾಯ್ಲೆಂಡ್), ಇಂಡೋಚೀನಾಗಳ ಕಾಡುಗಳಲ್ಲಿ ಗುಪ್ತಚರರನ್ನೂ ಅವರಿಗೆ ಬೇಕಾದ ಸಾಮಗ್ರಿಯನ್ನೂ ಪ್ಯಾರಾಚೂಟಿನಲ್ಲಿ ಇಳಿಸುತ್ತಿತ್ತೆಂದೂ ತಿಳಿಸಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರುಗಳನ್ನು ಬೆಂಗಳೂರಿಗೆ ಹಾರಿಸಿ ತಂದು ನಮ್ಮ ಹಿಂದುಸ್ತಾನ್ ಏರ್‌ಕ್ರಾಫ್ಟಿನವರು ಮತ್ತೆ ಸಜ್ಜುಗೊಳಿಸಿದ್ದನ್ನೂ, 1948ರಿಂದ 1968ರವರೆಗೆ ಅವು ಭಾರತೀಯ ವಾಯುಪಡೆಯಲ್ಲಿ ದುಡಿದದ್ದನ್ನೂ ಹೇಳಿದೆ.

ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಗೋಡೆಗೆ ಒರಗಿಸಿದ್ದ ತಗಡಿನ ಒಂದು ಕೊಕ್ಕೆಯನ್ನು ಹೆಬ್ಬೆರಳಿನಿಂದ ಸವರುತ್ತ, “ಸಯಾಮು ಎಷ್ಟು ದೂರ?” ಎಂದು ಕೇಳಿದರು. ಬಂಗಾಳ ಕೊಲ್ಲಿಯ ಆಚೆ, ಬರ್ಮಾವನ್ನೂ ದಾಟಿ ಹೋಗಬೇಕು ಎಂದೆ.

“ಹಂಗಾದ್ರೆ ಹೋದ್ವು ಅನ್ನು” ಎಂದರು.