ಬಟ್ಟಲಿನಲ್ಲಿ ಐವತ್ಮೂರು ಹುಣಸೆಬೀಜ

ಕಳೆದ ಫೆಬ್ರುವರಿಯಿಂದ ನನ್ನ ಗಂಟಲಿನಲ್ಲಿ ಜೋಳದ ತೌಡು ಅಂಟಿಕೊಂಡಂಥ ಕೆರೆತವಿದೆ. ಸಂಜೆಯ ಹೊತ್ತಿಗೆ ಒಳಗೆಲ್ಲ ಬಾತಂತಾಗಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ. ರೊಟ್ಟಿ, ಪಲ್ಯ ಸಲೀಸಾಗಿ ಇಳಿಯುತ್ತವೆ. ಬರಿ ಉಗುಳು ನುಂಗುವಾಗ ಮಾತ್ರ ಅಲ್ಲೊಂದು ಗುಂಡು ತಡೆದಂತಾಗುತ್ತದೆ.

ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ ಎಲ್ಲರೂ ಮೆಣಸಿನಕಾಯಿಯ ಘಾಟಿನ ಮೇಲೆಯೇ ತಪ್ಪು ಹೊರಿಸಿದರು. ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೇ ಹೊರತು ಖಾರಕ್ಕಲ್ಲ. ಆದರೂ ಚೀಲ ಸುರಿಯುವಾಗ ಏಳುವ ಧೂಳು ಯಾರನ್ನೂ ಬಿಡುವುದಿಲ್ಲವೆಂಬುದು ನಿಜ. ರಜೆ ಹಾಕಿ ಧಾರವಾಡದ ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದು ನೋಡಿದೆ. ಕೆರೆತ ನನ್ನ ಜೊತೆಗೇ ಬಂದಿತ್ತು.

ಹುಬ್ಬಳ್ಳಿಯ ಕಿವಿ-ಮೂಗು-ಗಂಟಲು ತಜ್ಞರು ಮೊದಲು ಕೇಳಿದ್ದು ನನ್ನ ಬಿಪಿ ಗುಳಿಗೆಯ ಹೆಸರನ್ನು. ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಗುಳಿಗೆಗಳಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಅಪರೂಪಕ್ಕೆ ನಾಲಿಗೆ, ಗಂಟಲು ಬಾಯುವುದೂ ಉಂಟಂತೆ. ನನ್ನದು ಆ ಗುಂಪಿನದಲ್ಲ. ಬಳಿಕ ಕಹಿ ಸ್ಪ್ರೇ ಹೊಡೆದು, ಮೂಗಿನಿಂದ ಕ್ಯಾಮೆರಾದ ಸಣ್ಣ ನಳಿಕೆ ಇಳಿಸಿ, 'ಈ' ಎನ್ನಲು ಹೇಳಿದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಬಾಗಿಲಿನ ಹಾಗೆ ಕೂಡಿಕೊಂಡವು. ಐವತ್ತು ವರ್ಷ ಮಾತಾಡಿದ ಮೇಲೆ ನನ್ನ ದನಿ ಹುಟ್ಟುವ ಜಾಗವನ್ನು ಆವತ್ತು ಕಂಡೆ. ಸ್ವಲ್ಪ ಕೆಂಪಿದೆ, ಗಡ್ಡೆಯಿಲ್ಲ ಎಂದರು. ಥೈರಾಯ್ಡ್ ರಕ್ತಪರೀಕ್ಷೆ, ಕುತ್ತಿಗೆಯ ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿದ್ದವು. 'ಏನೂ ಇಲ್ಲ' ಎಂಬ ಮಾತು ಕೇಳಿ ಜೀವ ಹಗುರವಾಯಿತು, ಆದರೆ ಬಸ್ಸು ಹಾವೇರಿ ದಾಟುವಷ್ಟರಲ್ಲಿ, ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂಬ ಸಿಟ್ಟೂ ಬಂದಿತ್ತು.

ಹೊಟ್ಟೆಯ ಆಮ್ಲ ಮೇಲೇರುತ್ತಿರಬಹುದೆಂದು 8 ವಾರ ಗುಳಿಗೆ ನುಂಗಿದೆ, ಮಂಚದ ತಲೆದೆಸೆಯ ಕಾಲಿಗೆ ಇಟ್ಟಿಗೆ ಕೊಟ್ಟೆ, ಉಂಡು ಮೂರು ತಾಸು ಕಳೆಯದೆ ಮಲಗುವುದನ್ನು ಬಿಟ್ಟೆ. ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಎರಡನೆಯ ಭೇಟಿಯಲ್ಲಿ ವೈದ್ಯರು ಹೇಳಿದ ಮಾತು ಮಾತ್ರ ನಾಟಿತು: ಪ್ರತಿ ಸಲ ಕ್ಯಾಕರಿಸಿದಾಗ ಆ ಪಟ್ಟಿಗಳು ಒಂದಕ್ಕೊಂದು ಬಡಿಯುತ್ತವೆ, ಬಡಿದಲ್ಲಿ ಬಾವು ಬರುತ್ತದೆ, ಬಾವು ಕಫದಂತೆ ತೋರಿ ಮತ್ತೆ ಕ್ಯಾಕರಿಸುವಂತೆ ಮಾಡುತ್ತದೆ. ಕೆರೆತ ಬಂದಾಗ ಒಂದು ಗುಟುಕು ನೀರು ಕುಡಿಯಬೇಕು, ನೀರಿಲ್ಲದಿದ್ದರೆ ಉಗುಳು ನುಂಗಬೇಕು. ಅನ್ನ ಸಿಕ್ಕಿಕೊಂಡರೆ, ತೂಕ ಇಳಿದರೆ, ಉಗುಳಿನಲ್ಲಿ ರಕ್ತ ಕಂಡರೆ, ದನಿ ಮೂರು ವಾರ ಒಡೆದೇ ಇದ್ದರೆ ತಡಮಾಡದೆ ಬರಬೇಕು. ತುಟಿ, ನಾಲಿಗೆ ಬಾತು ಉಸಿರು ಕಟ್ಟಿದರೆ ನೇರ ತುರ್ತು ಚಿಕಿತ್ಸೆಗೇ ಹೋಗಬೇಕು ಎಂದೂ ಚೀಟಿಯ ಹಿಂದೆ ಬರೆದುಕೊಟ್ಟರು.

ನಾನೇನು ಅಷ್ಟು ಕ್ಯಾಕರಿಸುವುದಿಲ್ಲ ಎಂದು ಮನೆಯಲ್ಲಿ ವಾದಿಸಿದೆ. ಹೆಂಡತಿ ಎದುರು ಮಾತಾಡದೆ, ಆ ಸಂಜೆಯಿಂದ ಮಲಗುವವರೆಗೆ ನಾನು ಕ್ಯಾಕರಿಸಿದಾಗಲೆಲ್ಲ ಬಟ್ಟಲಿಗೆ ಒಂದೊಂದು ಹುಣಸೆಬೀಜ ಹಾಕಿದಳು. "ಐವತ್ಮೂರು ಅದಾವ್ ನೋಡ್ರಿ, ಬೇಕಂದ್ರ ನೀವ ಎಣಿಸ್ರಿ" ಎಂದು ಬಟ್ಟಲನ್ನು ಮುಂದಿಟ್ಟಳು. ಊರವರ ಲೆಕ್ಕ ಬರೆಯುವವನಿಗೆ ಆ ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ.

ಈ ಬಾವು ಏಕೆ ಬಂತೆಂದು ಇನ್ನೂ ಯಾರೂ ಖಚಿತವಾಗಿ ಹೇಳಿಲ್ಲ. ಅಂಗಡಿಯ ಮೇಜಿನ ಮೇಲೆ ಈಗ ಖಾತೆಪುಸ್ತಕದ ಪಕ್ಕ ನೀರಿನ ತಂಬಿಗೆ ಇರುತ್ತದೆ. ನಿನ್ನೆಯ ಬಟ್ಟಲಿನಲ್ಲಿ ಹತ್ತೊಂಬತ್ತು ಬೀಜಗಳಿದ್ದವು.