ಸುನಾಮಿ ಬಂದ ಜಾಗದಲ್ಲೇ ಮತ್ತೆ ಯಾಕೆ ಊರು ಕಟ್ಟಿದರು?

ಜಪಾನಿನ ಸೆಂಡೈನಲ್ಲಿ ಕೆಲಸ ಅಂದ ಕೂಡಲೇ ಊರಿನವರ ಬಾಯಿಂದ ಬರುವುದು ಒಂದೇ ಪ್ರಶ್ನೆ. "ಅಲ್ಲ ಮಾರಾಯ, ಅದು ಸುನಾಮಿ ಹೊಡೆದ ಕಡೆ ಅಲ್ವಾ? ಅಷ್ಟೆಲ್ಲ ಆದ ಮೇಲೂ ಆ ಜನ ಮತ್ತೆ ಅಲ್ಲೇ ಮನೆ ಕಟ್ಟಿಕೊಂಡಿದ್ದಾರಂತಲ್ಲ, ಯಾಕೆ?" ಪ್ರತಿ ಮಳೆಗಾಲಕ್ಕೂ ಕಡಲ್ಕೊರೆತ ಎಂದು ಕಲ್ಲು ಹಾಕಿಸಿಕೊಂಡು, ಜಾಗ ಬಿಟ್ಟು ಕದಲದ ನನ್ನ ಚಿಕ್ಕಪ್ಪನೂ ಇದನ್ನೇ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿ ಇದಲ್ಲ. ಇಡೀ ಜಪಾನಿನ ಪರವಾಗಿ ಉತ್ತರ ಕೊಡುವುದಕ್ಕೂ ನನ್ನಿಂದಾಗದು. ಹಾಗಾಗಿ ನನಗೆ ಸ್ವಲ್ಪ ಚೆನ್ನಾಗಿ ಗೊತ್ತಿರುವ ಒಂದೇ ಊರನ್ನು ಹಿಡಿದು ಬರೆಯುತ್ತೇನೆ. ಅದು ಮಿಯಾಗಿ ಪ್ರಾಂತ್ಯದ ಒನಗಾವಾ.

ಮೊದಲಿಗೆ ಚಿಕ್ಕ ಉತ್ತರ: ಅವರು ಅಲ್ಲೇ ಕಟ್ಟಲಿಲ್ಲ. ಹಾಗಂತ ಬಿಟ್ಟೂ ಹೋಗಲಿಲ್ಲ. ದುಡಿಯುವ ಜಾಗವನ್ನು ಕಡಲ ಬದಿಯಲ್ಲೇ ಉಳಿಸಿಕೊಂಡು, ಮಲಗುವ ಜಾಗವನ್ನು ಗುಡ್ಡದ ಮೇಲಕ್ಕೆ ಒಯ್ದರು. ಇದರ ಹಿಂದೆ ಏನೇನಿತ್ತು ಎಂಬುದೇ ದೊಡ್ಡ ಉತ್ತರ.

ಸೆಂಡೈನಿಂದ ಹೊರಟರೆ ಸಾಮಾನ್ಯವಾಗಿ ಇಶಿನೊಮಾಕಿಯಲ್ಲಿ ಇಳಿದು ಡೀಸೆಲ್ ರೈಲು ಹತ್ತಬೇಕು. ಸ್ವಲ್ಪ ದೂರ ಹೋದ ಮೇಲೆ ಹಳಿ ಮಾಂಗೊಕು-ಉರಾ ಎಂಬ ಒಳಗಡಲಿನ ಅಂಚಿನಲ್ಲೇ ಸಾಗುತ್ತದೆ. ಅಲೆಯೇ ಇಲ್ಲದ ಈ ನೀರು ಆಯ್ಸ್ಟರ್ ಚಿಪ್ಪಿನ ಮರಿಗಳನ್ನು ಬೆಳೆಸುವುದಕ್ಕೆ ಹೆಸರಾದದ್ದು. ಅದನ್ನು ದಾಟಿ ಒಂದು ಸುರಂಗ ಕಳೆದರೆ ಒನಗಾವಾ. ಹಳಿ ಅಲ್ಲಿಗೇ ಮುಗಿಯುತ್ತದೆ. ಊರು ಕೂತಿರುವುದು ಓಶಿಕಾ ಪರ್ಯಾಯ ದ್ವೀಪದ ಬುಡದಲ್ಲಿ. ಈಶಾನ್ಯ ಜಪಾನಿನ ಈ ಸಾನ್ರಿಕು ಕರಾವಳಿಯಲ್ಲಿ ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಹಿಂದೆ ನದಿಕಣಿವೆಗಳಾಗಿದ್ದವು ಮುಳುಗಿ ಕೊಲ್ಲಿಗಳಾಗಿವೆ. ಸಮತಟ್ಟು ನೆಲ ಎಂದರೆ ಕೊಲ್ಲಿಯ ತುದಿಯಲ್ಲಿ ಸಿಗುವ ಒಂದಿಷ್ಟು ತುಂಡು, ಅಷ್ಟೇ.

ಈ ನಕ್ಷೆಯಲ್ಲಿ ವರವೂ ಇದೆ, ಶಾಪವೂ ಇದೆ. ಹೊರಗೆ ಬಿಸಿನೀರಿನ ಕುರೊಶಿಯೊ, ತಣ್ಣೀರಿನ ಒಯಾಶಿಯೊ ಎಂಬ ಎರಡು ಪ್ರವಾಹಗಳು ಸೇರುವುದರಿಂದ ಜಗತ್ತಿನ ಅತಿ ಸಮೃದ್ಧ ಮೀನುಗಾರಿಕೆಯ ನೀರುಗಳಲ್ಲಿ ಇದೂ ಒಂದು. ಒನಗಾವಾಗೆ ಶರತ್ಕಾಲದಲ್ಲಿ ಸಾನ್ಮಾ ಎಂಬ ಬೆಳ್ಳಿಬಣ್ಣದ ಉದ್ದ ಮೀನು ದೋಣಿಗಟ್ಟಲೆ ಬರುತ್ತದೆ. ಕೊಲ್ಲಿಯೊಳಗೆ ಸಾಲ್ಮನ್, ಸ್ಕ್ಯಾಲಪ್, ಆಯ್ಸ್ಟರ್ ಸಾಕುತ್ತಾರೆ. ಹೋಯಾ ಎಂಬ ಕಿತ್ತಳೆ ಬಣ್ಣದ ಮುಳ್ಳುಮುಳ್ಳಾದ ಕಡಲಜೀವಿಯನ್ನೂ ಬೆಳೆಸುತ್ತಾರೆ. (ಇಲ್ಲಿಯವರು ಅದನ್ನು ಹಸಿಯಾಗಿ ತಿಂದು ಸಂತೋಷಪಡುತ್ತಾರೆ. ನನಗೆ ಒಗ್ಗಲಿಲ್ಲ.) ಬಿರುಗಾಳಿಯ ದಿನ ದೋಣಿಗಳಿಗೆ ಆಸರೆ ಕೊಡುವುದೂ ಇದೇ ಆಳದ ಕೊಲ್ಲಿ. ಆದರೆ ಸುನಾಮಿ ಬಂದ ದಿನ ಅದು ಆಲಿಕೆಯಂತೆ ಕೆಲಸ ಮಾಡುತ್ತದೆ: ಅಗಲ ಬಾಯಿಯಿಂದ ಒಳಬಂದ ನೀರು ಒಳಒಳಗೆ ಇಕ್ಕಟ್ಟಾಗಿ, ಬೇರೆ ದಾರಿ ಇಲ್ಲದೆ ಮೇಲಕ್ಕೇರುತ್ತದೆ.

ಇದು ಜನರಿಗೆ ಗೊತ್ತಿರಲಿಲ್ಲವೇ ಎಂದರೆ, ಚೆನ್ನಾಗಿಯೇ ಗೊತ್ತಿತ್ತು. ಕ್ರಿ.ಶ. 869ರ ಜೋಗಾನ್ ಸುನಾಮಿಯ ದಾಖಲೆ ಇದೆ. 1896ರಲ್ಲಿ ಸಾನ್ರಿಕು ಕರಾವಳಿಯಲ್ಲಿ ಸತ್ತವರು ಸುಮಾರು 22,000. 1933ರಲ್ಲಿ ಮತ್ತೆ 3,000ದಷ್ಟು. 1960ರಲ್ಲಂತೂ ಇಲ್ಲಿ ನೆಲ ನಡುಗಲೇ ಇಲ್ಲ. ಚಿಲಿಯಲ್ಲಿ ಆದ ಭೂಕಂಪದ ಅಲೆ ಸುಮಾರು ಒಂದು ದಿನ ಪ್ರಯಾಣ ಮಾಡಿ ಬಂದು ಜಪಾನಿನಲ್ಲಿ 142 ಜನರನ್ನು ಕೊಂಡೊಯ್ದಿತು. ಹಿಂದೆ ಬಂದದ್ದರ ನೆನಪು ಕೆಲವು ಸಲ ಎಚ್ಚರಕ್ಕಿಂತ ಹೆಚ್ಚಾಗಿ ಧೈರ್ಯವನ್ನೇ ಕೊಡುತ್ತದೆ. 'ನೀರು ಇಲ್ಲಿವರೆಗೆ ಬಂದಿತ್ತು' ಎಂದು ಅಜ್ಜ ತೋರಿಸಿದ ಗೆರೆಯೇ ಮೊಮ್ಮಗನ ಮಟ್ಟಿಗೆ ಗರಿಷ್ಠ ಮಿತಿ ಆಗಿಬಿಡುತ್ತದೆ.

2011ರ ಮಾರ್ಚ್ 11, ಮಧ್ಯಾಹ್ನ 2.46. ಭೂಕಂಪದ ತೀವ್ರತೆ 9.0. ಓಶಿಕಾ ಪರ್ಯಾಯ ದ್ವೀಪ 5.3 ಮೀಟರ್ ಪಕ್ಕಕ್ಕೆ ಸರಿದು, 1.2 ಮೀಟರ್ ಕುಸಿಯಿತು. ಒನಗಾವಾ ಬಂದರಿನಲ್ಲಿ ನೀರು ಏರಿದ್ದು 14.8 ಮೀಟರ್. ಕೊಲ್ಲಿಯ ಬಾಯಿಯಲ್ಲಿದ್ದ ಅಲೆತಡೆ ಉಳಿಯಲಿಲ್ಲ. ಊರ ಆಸ್ಪತ್ರೆ ಇದ್ದದ್ದು 16 ಮೀಟರ್ ಎತ್ತರದ ಗುಡ್ಡದ ಮೇಲೆ. ಅದರ ನೆಲಮಹಡಿಗೂ ಆಳೆತ್ತರಕ್ಕೆ ನೀರು ನುಗ್ಗಿತು. ಅದೇ ಗುಡ್ಡಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ಬ್ಯಾಂಕಿನ ಸಿಬ್ಬಂದಿ ತಮ್ಮ ಕಟ್ಟಡದ ತಾರಸಿ ಸಾಕು ಎಂದು ಅಲ್ಲಿಗೆ ಹತ್ತಿದ್ದರು. ಅವರಲ್ಲಿ 12 ಜನ ಹಿಂದಿರುಗಲಿಲ್ಲ. ಮೀನು ಸಂಸ್ಕರಣೆಯ ಒಂದು ಘಟಕದ ಮೇಲಧಿಕಾರಿಯೊಬ್ಬರು ಚೀನಾದಿಂದ ಕೆಲಸ ಕಲಿಯಲು ಬಂದಿದ್ದ 20 ಹುಡುಗಿಯರನ್ನು ಎತ್ತರದ ಜಾಗಕ್ಕೆ ಓಡಿಸಿ, ತಾವು ಮತ್ತೆ ಕೆಳಗಿಳಿದು ನೀರುಪಾಲಾದರು.

ಹತ್ತು ಸಾವಿರ ಜನರ ಊರಿನಲ್ಲಿ ಸತ್ತವರು, ಕಾಣೆಯಾದವರು 827. ಮನೆಗಳಲ್ಲಿ ಮೂರರಲ್ಲಿ ಎರಡು ಭಾಗ ಪೂರ್ತಿ ನಾಶ. ಜನಸಂಖ್ಯೆಗೆ ಹೋಲಿಸಿದರೆ ಇಷ್ಟು ಪೆಟ್ಟು ತಿಂದ ಊರು ಅಂದು ಜಪಾನಿನಲ್ಲಿ ಇನ್ನೊಂದಿರಲಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿ ಹೇಳಬೇಕು. ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನ ಪಡೆ, ಅಂದರೆ ಎನ್‌ಡಿಆರ್‌ಎಫ್, ಮೊದಲ ಸಲ ವಿದೇಶಕ್ಕೆ ಹೋದದ್ದು ಈ ಒನಗಾವಾಗೇ. ಮಾರ್ಚ್ ಕೊನೆಯ ಹೊತ್ತಿಗೆ, ಇನ್ನೂ ಹಿಮ ಬೀಳುವ ಚಳಿಯಲ್ಲಿ, 46 ಜನರ ತಂಡ ಬಂದು ಅವಶೇಷಗಳಡಿ ಹುಡುಕಾಡಿತು. ಅಷ್ಟು ದಿನ ಕಳೆದಿದ್ದರಿಂದ ಸಿಕ್ಕವು ಶವಗಳು, ಜನರ ಸಾಮಾನು, ಹಣ. ಸಿಕ್ಕದ್ದನ್ನೆಲ್ಲ ಇಲ್ಲಿಯವರ ಕೈಗೊಪ್ಪಿಸಿದರು.

ಈಗ ಪ್ರಶ್ನೆಗೆ ಬರೋಣ. ಊರು ತೊಳೆದುಹೋದ ಮೇಲೆ ಸಾನ್ರಿಕು ಕರಾವಳಿಯ ಪ್ರತಿ ಊರಿನ ಮುಂದೆಯೂ ಇದ್ದದ್ದು ಹೆಚ್ಚು ಕಡಿಮೆ ಒಂದೇ ಯೋಜನೆ: ಎತ್ತರದ ಕಾಂಕ್ರೀಟ್ ತಡೆಗೋಡೆ. ಸರ್ಕಾರ ಸುಮಾರು 400 ಕಿ.ಮೀ. ಉದ್ದಕ್ಕೆ ಗೋಡೆ ಕಟ್ಟಲು ಹೊರಟಿತು. ಉತ್ತರಕ್ಕಿರುವ ತಾರೊ ಎಂಬಲ್ಲಿ ಮೊದಲೇ 10 ಮೀಟರ್ ಎತ್ತರದ, ಒಟ್ಟು 2.4 ಕಿ.ಮೀ. ಉದ್ದದ ಗೋಡೆಗಳಿದ್ದವು. 2011ರಲ್ಲಿ ನೀರು ಅವನ್ನೂ ಹಾರಿ ಬಂತು. ಈಗ ಅಲ್ಲಿ 14.7 ಮೀಟರಿನ ಹೊಸ ಗೋಡೆ ನಿಂತಿದೆ. ಅದರ ಬುಡದಲ್ಲಿ ನಿಂತರೆ ಸಮುದ್ರದ ಸದ್ದು ಕೂಡ ಬೇರೆ ಕಡೆಯಿಂದ ಬಂದಂತೆ ಅನಿಸುತ್ತದೆ. ಗೋಡೆ ಬೇಡ ಎನ್ನುವ ಹಕ್ಕು ನನಗಿಲ್ಲ; ಅದರ ಹಿಂದೆ ಮಲಗುವವರು ಅವರು. ಆದರೆ ಎದುರಿಗೆ ಬರುವುದೇ ಕಾಣದಿದ್ದರೆ ಓಡುವುದು ಯಾವಾಗ ಎಂಬ ಅನುಮಾನ ನನಗಂತೂ ಹೋಗಿಲ್ಲ.

ಒನಗಾವಾ ಬೇರೆ ದಾರಿ ಹಿಡಿಯಿತು. ಊರ ನಡುಭಾಗದಲ್ಲಿ ಕಡಲನ್ನು ಮರೆಮಾಡುವ ಗೋಡೆ ಬೇಡ ಎಂದಿತು. ಸುತ್ತಲಿನ ಗುಡ್ಡಗಳನ್ನು ಕಡಿದು ಮೇಲೆ ಮನೆಗಳಿಗೆ ಸಮತಟ್ಟು ಮಾಡಿದರು. ಕಡಿದ ಮಣ್ಣನ್ನು ತಂದು ಕೆಳಗಿನ ನೆಲವನ್ನು ಏರಿಸಿದರು. ಕಡಲ ಪಕ್ಕದ ಹೆದ್ದಾರಿಯನ್ನೇ ಎತ್ತರಿಸಿ, ಹಲವು ದಶಕಕ್ಕೊಮ್ಮೆ ಬರುವಂಥ ಸುನಾಮಿಗೆ ಅದೇ ಒಡ್ಡು ಆಗುವಂತೆ ನೋಡಿಕೊಂಡರು. ಅದರ ಹಿಂದೆ ಅಂಗಡಿ, ಕಚೇರಿ, ಮೀನಿನ ಕೆಲಸ. ಅಲ್ಲಿ ಯಾರೂ ರಾತ್ರಿ ಮಲಗುವುದಿಲ್ಲ. ಸಾವಿರ ವರ್ಷಕ್ಕೊಮ್ಮೆ ಬರುವಂಥದ್ದು ಮತ್ತೆ ಬಂದರೆ ಕೆಳಗಿನ ಕಟ್ಟಡಗಳು ಹೋಗುತ್ತವೆ, ಹೋಗಲಿ. ಜನ ಮೇಲಕ್ಕೆ ಓಡಬೇಕು. ಯೋಜನೆಯಲ್ಲೇ ಒಪ್ಪಿಕೊಂಡ ಲೆಕ್ಕ ಇದು.

ಕತಾರ್ ದೇಶದ ನೆರವಿನಿಂದ 2012ರಲ್ಲೇ ಎದ್ದ ಶೀತಲಗೃಹದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. 6,000 ಟನ್ ಮೀನು ಹಿಡಿಸುವ ಕಟ್ಟಡ. ನೆಲಮಹಡಿಯನ್ನು ನೀರು ಹಾದುಹೋಗುವಂತೆ ಬಿಟ್ಟು, ಬೆಲೆಬಾಳುವುದನ್ನೆಲ್ಲ ಮೇಲಿಟ್ಟಿದ್ದಾರೆ. ಗಮನಿಸಿ, ಊರಿಗೆ ಊರೇ ತಾತ್ಕಾಲಿಕ ಮನೆಗಳಲ್ಲಿದ್ದಾಗ ಮೊದಲು ಎದ್ದವುಗಳಲ್ಲಿ ಇದೂ ಒಂದು. ಐಸು, ಶೀತಲಗೃಹ ಇಲ್ಲದ ಬಂದರಿಗೆ ದೋಣಿ ಬರುವುದಿಲ್ಲ, ದೋಣಿ ಬರದಿದ್ದರೆ ಜನರೂ ಉಳಿಯುವುದಿಲ್ಲ. ಮಲ್ಪೆಯವರಿಗೋ ಕಾರವಾರದವರಿಗೋ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲು ಬಿಟ್ಟು ಒಳನಾಡಿಗೆ ಹೋಗಿ ಎನ್ನುವವರು ಆ ಮೇಲೆ ಊಟಕ್ಕೇನು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಇಂಥ ತೀರ್ಮಾನ ಹೇಗೆ ಸಾಧ್ಯವಾಯಿತು? ಒಂದು ಕಾರಣ ಎಲ್ಲರೂ ಹೊಗಳುವಂಥದ್ದು. ದುರಂತವಾಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ಆಗಲೇ ವ್ಯಾಪಾರಿಗಳ ಸಂಘದ ಹಿರಿಯರು ತಾವೇ ಹೇಳಿದರು: ಊರು ಎದ್ದು ನಿಲ್ಲಲು ಇಪ್ಪತ್ತು ವರ್ಷ ಬೇಕು, ಅಲ್ಲಿವರೆಗೆ ನಾವಿರುವುದಿಲ್ಲ, ಅರವತ್ತು ದಾಟಿದವರು ಬಾಯಿ ಹಾಕುವುದು ಬೇಡ, ಮೂವತ್ತು ನಲವತ್ತರವರು ಮಾಡಲಿ. ಅದೇ ನವೆಂಬರಿನಲ್ಲಿ ಯೊಶಿಯಾಕಿ ಸುದಾ ಮೇಯರ್ ಆದರು. ಆಗ ಅವರಿಗೆ 39. ಹಿರಿಯರು ಮೈಕ್ ಬಿಡುವುದು ಎಷ್ಟು ಅಪರೂಪ ಎಂದು ನಮಗೆ ಗೊತ್ತೇ ಇದೆ.

ಇನ್ನೊಂದು ಕಾರಣವನ್ನು ಹೊಗಳಿಕೆಯ ಬರಹಗಳು ಮೆಲ್ಲನೆ ದಾಟಿಬಿಡುತ್ತವೆ: ಊರಿನಲ್ಲಿರುವ ಅಣುವಿದ್ಯುತ್ ಸ್ಥಾವರ. 2005ರಲ್ಲಿ ಸುತ್ತಲಿನ ಪಟ್ಟಣಗಳೆಲ್ಲ ಇಶಿನೊಮಾಕಿ ನಗರದೊಳಗೆ ಸೇರಿಹೋದಾಗ ಒನಗಾವಾ ಮಾತ್ರ ಸ್ವತಂತ್ರವಾಗಿ ಉಳಿಯಿತು. ಸ್ಥಾವರದ ತೆರಿಗೆ ಬರುತ್ತಿದ್ದ ಊರಿಗೆ ಯಾರ ಜೊತೆಗೂ ಸೇರುವ ಹಂಗಿರಲಿಲ್ಲ. ತನ್ನದೇ ಮೇಯರ್, ತನ್ನದೇ ಸಭೆ, ತನ್ನದೇ ಖಜಾನೆ ಇದ್ದದ್ದರಿಂದ ಬೇಗ ನಿರ್ಧಾರ ಮಾಡಲು ಆಯಿತು. ನಗರದ ಅಂಚಿನ ಒಂದು ವಾರ್ಡ್ ಆಗಿದ್ದರೆ ಆಗುತ್ತಿತ್ತೇ? ನನಗೆ ನಂಬಿಕೆ ಇಲ್ಲ.

ಆ ಸ್ಥಾವರದ ಕಥೆಯೂ ವಿಚಿತ್ರ. ಮೊದಲ ಅಂದಾಜಿನ ಪ್ರಕಾರ ಅಲ್ಲಿ ಸುನಾಮಿ ಬಂದರೂ ಸುಮಾರು 3 ಮೀಟರ್ ಅಷ್ಟೇ. ತೊಹೊಕು ವಿದ್ಯುತ್ ಕಂಪನಿಯ ಯನೊಸುಕೆ ಹಿರಾಯಿ ಎಂಬ ಹಿರಿಯ ಎಂಜಿನಿಯರ್ 869ರ ಜೋಗಾನ್ ಸುನಾಮಿಯನ್ನು ನೆನಪಿಸಿ, 14.8 ಮೀಟರ್ ಎತ್ತರದಲ್ಲೇ ಕಟ್ಟಬೇಕೆಂದು ಹಟ ಹಿಡಿದರು. 2011ರಲ್ಲಿ ನೆಲ ಒಂದು ಮೀಟರ್ ಕುಸಿದ ಮೇಲೆ ಅಲ್ಲಿಗೆ ಬಂದ ನೀರು ಸುಮಾರು 13 ಮೀಟರ್. ಅಂದರೆ ಒಂದು ಮೀಟರಿಗಿಂತ ಕಡಿಮೆ ಅಂತರದಲ್ಲಿ ಉಳಿಯಿತು. ಫುಕುಶಿಮಾ ಅಣುಸ್ಥಾವರದಲ್ಲಿ ನೆಲದ ಎತ್ತರ 10 ಮೀಟರ್. ಅಲ್ಲಿ ಏನಾಯಿತೆಂದು ಜಗತ್ತಿಗೇ ಗೊತ್ತು. ಮನೆ ಕಳೆದುಕೊಂಡ ಒನಗಾವಾದ ನೂರಾರು ಜನ ಆಶ್ರಯ ಪಡೆದದ್ದು ಇದೇ ಅಣುಸ್ಥಾವರದ ಆವರಣದಲ್ಲಿ.

ಇಂದು ರೈಲಿಳಿದರೆ ಮೊದಲು ಕಾಣುವುದು ಕಡಲಹಕ್ಕಿ ರೆಕ್ಕೆ ಚಾಚಿದಂತಹ ಬಿಳಿ ಚಾವಣಿಯ ನಿಲ್ದಾಣ. ವಾಸ್ತುಶಿಲ್ಪಿ ಶಿಗೆರು ಬಾನ್ ಮಾಡಿದ ವಿನ್ಯಾಸ, 2015ರ ಮಾರ್ಚಿನಲ್ಲಿ ತೆರೆದದ್ದು. ಮೇಲ್ಮಹಡಿಯಲ್ಲಿ ಬಿಸಿನೀರಿನ ಸ್ನಾನದ ಮನೆ. ನಿರಾಶ್ರಿತರಿಗೆ ಬೇಸ್‌ಬಾಲ್ ಮೈದಾನದಲ್ಲಿ ಹಡಗಿನ ಕಂಟೇನರ್‌ಗಳನ್ನು ಮೂರು ಅಂತಸ್ತಿಗೆ ಪೇರಿಸಿ 189 ಮನೆ ಮಾಡಿಕೊಟ್ಟವರೂ ಇವರೇ. ಸಮತಟ್ಟು ನೆಲವೇ ಇಲ್ಲದ ಊರಿನಲ್ಲಿ ಮೇಲಕ್ಕೆ ಹೋಗದೆ ಬೇರೆ ದಾರಿ ಇರಲಿಲ್ಲ. ನಿಲ್ದಾಣದಿಂದ ಕಡಲಿನವರೆಗೆ ಇಟ್ಟಿಗೆ ಹಾಸಿದ ನೇರ ದಾರಿ. ಹೊಸವರ್ಷದ ಸೂರ್ಯ ಹುಟ್ಟುವ ದಿಕ್ಕಿಗೆ ಅದನ್ನು ಹೊಂದಿಸಿದ್ದಾರೆ. ಎರಡೂ ಬದಿ ಅಂಗಡಿಗಳು: ಮೀನು, ಕಾಫಿ, ಸ್ಪೇನ್ ಮಾದರಿಯ ಬಣ್ಣದ ಟೈಲ್ಸ್ ಮಾಡುವವರು, ಗಿಟಾರ್ ತಯಾರಿಸುವವರೂ ಇದ್ದಾರೆ.

ದಾರಿ ಮುಗಿಯುವಲ್ಲಿ, ಬಂದರಿನ ಪಕ್ಕ, ಹಳೆಯ ಪೊಲೀಸ್ ಚೌಕಿ. ನಾನು ಯಾರನ್ನು ಕರೆದುಕೊಂಡು ಹೋದರೂ ಹೆಚ್ಚು ಹೊತ್ತು ನಿಲ್ಲಿಸುವುದು ಇಲ್ಲೇ. ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡ, ಬುಡಸಮೇತ ಕಿತ್ತು ಮಗ್ಗುಲಾಗಿ ಬಿದ್ದಿದೆ. ಅಡಿಪಾಯದ ಕಂಬ ತುಂಡಾಗಿ ತಳದಿಂದ ಹೊರಗೆ ಚಾಚಿದೆ. ಹಾಗೆ ಉರುಳಿಸಿದ್ದು ಹಿಂದಿರುಗಿ ಹೋಗುವ ನೀರಿನ ಸೆಳೆತ ಎನ್ನುತ್ತಾರೆ. ಅದು ಬಿದ್ದಿರುವುದು ಊರಿನ ಹಳೆಯ ನೆಲದ ಮೇಲೆ. ಸುತ್ತಲಿನ ನೆಲ ಈಗ ಏರಿದೆ. ಹಾಗಾಗಿ ನೀವು ಮೇಲಿನಿಂದ ಹೊಂಡದೊಳಕ್ಕೆ ಬಗ್ಗಿ ನೋಡಬೇಕು. ಊರು ಎಷ್ಟು ಮಣ್ಣು ಹೊತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಅಳತೆ ಬೇಕಿಲ್ಲ.

ಮಕ್ಕಳ ಕೆಲಸ ಒಂದನ್ನು ಹೇಳದೆ ಬಿಡಲಾಗದು. 2011ರ ಏಪ್ರಿಲಿನಲ್ಲಿ ಮಾಧ್ಯಮಿಕ ಶಾಲೆಗೆ ಸೇರಿದ ಮಕ್ಕಳು, ಸಾವಿರ ವರ್ಷದ ನಂತರದವರ ಜೀವ ಉಳಿಸಬೇಕೆಂದು ತರಗತಿಯಲ್ಲಿ ಕೂತು ಯೋಜನೆ ಮಾಡಿದರು. ಊರಿನ 21 ಕಡಲತೀರಗಳಲ್ಲೂ ನೀರು ಮುಟ್ಟಿದ ಮಟ್ಟಕ್ಕಿಂತ ಮೇಲೆ ಒಂದೊಂದು ಕಲ್ಲು ನಿಲ್ಲಿಸುವುದು, ದೊಡ್ಡ ಭೂಕಂಪ ಆದರೆ ಈ ಕಲ್ಲಿಗಿಂತ ಮೇಲಕ್ಕೆ ಓಡಿ ಎಂದು ಕೆತ್ತಿಸುವುದು. ಬೇಕಾದ ಒಂದು ಕೋಟಿ ಯೆನ್ನನ್ನು ದೇಣಿಗೆ ಎತ್ತಿ ಕೂಡಿಸಿದರು. ಮೊದಲ ಕಲ್ಲು ನಿಂತದ್ದು 2013ರಲ್ಲಿ. ಕೊನೆಯದು 2021ರಲ್ಲಿ, ಅಷ್ಟರಲ್ಲಿ ಆ ಮಕ್ಕಳು ಇಪ್ಪತ್ತು ದಾಟಿದ್ದರು.

ಇಷ್ಟಾಗಿಯೂ ಒನಗಾವಾವನ್ನು ಗೆದ್ದ ಊರು ಎಂದು ಕರೆಯಲು ನನಗೆ ಹಿಂಜರಿಕೆ ಇದೆ. 2010ರ ಜನಗಣತಿಯಲ್ಲಿ 10,051 ಜನ, 2020ರಲ್ಲಿ 6,430. ಗುಡ್ಡ ಕಡಿದು ಮಣ್ಣು ಹಾಕಿ ಮುಗಿಯಲು ವರ್ಷಗಟ್ಟಲೆ ಹಿಡಿಯಿತು. ಅಷ್ಟು ಕಾಲ ಕಾಯಲಾಗದವರು ಇಶಿನೊಮಾಕಿಯಲ್ಲೋ ಸೆಂಡೈನಲ್ಲೋ ಮನೆ ಮಾಡಿ ಅಲ್ಲೇ ಉಳಿದರು. ಸುರಕ್ಷಿತವಾಗಿ ಕಟ್ಟಲು ಹೋದರೆ ತಡವಾಗುತ್ತದೆ, ತಡವಾದರೆ ಜನ ಹೋಗುತ್ತಾರೆ. ಇದಕ್ಕೆ ಯಾರ ಬಳಿಯೂ ಮದ್ದಿರಲಿಲ್ಲ. ಮೇಲೆ ಹೋದ ವಯಸ್ಸಾದವರಿಗೆ ಹಳೆಯ ನೆರೆಹೊರೆ ತಪ್ಪಿತು. ಸಾನ್ಮಾ ಹಿಡಿತವೂ ಇಡೀ ಜಪಾನಿನಲ್ಲಿ ಇಳಿದಿದೆ, ಅದಕ್ಕೆ ಸುನಾಮಿ ಕಾರಣವಲ್ಲ.

ಈಚೆಗೆ ಎರಡು ಬೆಳವಣಿಗೆ ಆಗಿವೆ. 2024ರ ಅಕ್ಟೋಬರಿನಲ್ಲಿ ಸ್ಥಾವರದ ಎರಡನೇ ಘಟಕ ಹದಿಮೂರು ವರ್ಷದ ನಂತರ ಮತ್ತೆ ಚಾಲೂ ಆಯಿತು. ಅದೇ ಡಿಸೆಂಬರಿನಲ್ಲಿ ಒನಗಾವಾಗೆ ಸೇರಿದ ಇಜುಶಿಮಾ ದ್ವೀಪಕ್ಕೆ 364 ಮೀಟರ್ ಉದ್ದದ ಸೇತುವೆ ತೆರೆಯಿತು. 2011ರಲ್ಲಿ ಆ ದ್ವೀಪದವರನ್ನು ಹೆಲಿಕಾಪ್ಟರ್‌ನಲ್ಲಿ ಹೊರತರಬೇಕಾಗಿತ್ತು. ಈಗ ಕಾರಿನಲ್ಲಿ ಬರಬಹುದು. ಆದರೆ 2024ರ ಜನವರಿಯಲ್ಲಿ ಜಪಾನಿನ ಪಶ್ಚಿಮ ಕರಾವಳಿಯ ನೊಟೊ ಪರ್ಯಾಯ ದ್ವೀಪದಲ್ಲಿ ಭೂಕಂಪವಾದಾಗ ಗುಡ್ಡ ಕುಸಿದು ರಸ್ತೆಗಳೇ ಮುಚ್ಚಿಹೋದವು. ಓಶಿಕಾದ ರಸ್ತೆಗಳೂ ಅಂಥವೇ: ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ಹಾಗಾಗಿ ಚಿಕ್ಕಪ್ಪನಂತೆ "ಮತ್ತೆ ಅಲ್ಲೇ ಯಾಕೆ?" ಎಂದು ಇಲ್ಲಿಯವರು ಯಾರೂ ಕೇಳುವುದಿಲ್ಲ. ಅವರು ಸಭೆಗಳಲ್ಲಿ ಎದ್ದು ನಿಂತು ಕೇಳುವುದು, ಭೂಕಂಪವೂ ಸ್ಥಾವರದ ತೊಂದರೆಯೂ ಒಟ್ಟಿಗೇ ಬಂದರೆ ಯಾವ ರಸ್ತೆಯಲ್ಲಿ ಹೊರಡಬೇಕು ಎಂದು.