ಹಾರ್ಲನ್ ಹಿಲ್ ಮೇಷ್ಟ್ರು

ರಾತ್ರಿ ನಿದ್ದೆ ಬಾರದೆ ಸುಮ್ನೆ ಮೊಬೈಲ್ ನೋಡುತ್ತಾ ಕೂತಿದ್ದಾಗ ಹಾರ್ಲನ್ ಹಿಲ್ ಎಂಬ ಹೆಸರು ಸಿಕ್ಕಿತು. ಅಮೆರಿಕದ ಫುಟ್‌ಬಾಲ್ ಆಟಗಾರ. ಅದೇ, ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರಲ್ಲ, ಆ ಫುಟ್‌ಬಾಲ್. ಓದಿದ್ದು ಅಲಬಾಮಾದ ಒಂದು ಪುಟ್ಟ ಟೀಚರ್ಸ್ ಕಾಲೇಜಿನಲ್ಲಿ. 1954ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಶಿಕಾಗೊ ಬೇರ್ಸ್ ತಂಡ ಅವರನ್ನು ಆರಿಸಿದ್ದು 15ನೇ ಸುತ್ತಿನಲ್ಲಿ. ಮದುವೆ ಊಟದ ಕೊನೇ ಪಂಕ್ತಿ ಇದ್ದ ಹಾಗೆ. ಮರುವರ್ಷವೇ ಲೀಗಿನ ಅತ್ಯುತ್ತಮ ಆಟಗಾರ!

1986ರಿಂದ ಅವರ ಹೆಸರಲ್ಲಿ ಒಂದು ಟ್ರೋಫಿ ಇದೆ, ಡಿವಿಷನ್ 2ರ ಸಣ್ಣ ಕಾಲೇಜುಗಳ ಅತ್ಯುತ್ತಮ ಆಟಗಾರನಿಗೆ. ಹೈಸ್ಮನ್ ಟ್ರೋಫಿ ದೊಡ್ಡ ಕಾಲೇಜಿನವರ ಪಾಲು, ಟಿವಿ ಕ್ಯಾಮೆರಾಗಳೂ ಅತ್ತಲೇ.

ನೆಬ್ರಾಸ್ಕಾದ ಚಾಡ್ರನ್ ಸ್ಟೇಟ್ ಕಾಲೇಜಿನ ಡ್ಯಾನಿ ವುಡ್‌ಹೆಡ್ ಈ ಟ್ರೋಫಿಯನ್ನು 2006, 2007 ಎರಡೂ ವರ್ಷ ಗೆದ್ದರು. ಆದರೂ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವರ ಹೆಸರು ಕರೆಯಲಿಲ್ಲ. ಆಳು ಬೇರೆ ಕುಳ್ಳ. ಆದರೆ ಲೀಗಿನ ಫೈನಲ್ ಆದ 2012ರ ಸೂಪರ್ ಬೌಲ್‌ನಲ್ಲಿ ಪೇಟ್ರಿಯಟ್ಸ್ ಪರ ಟಚ್‌ಡೌನ್ (ಗೋಲ್ ಇದ್ದ ಹಾಗೆ) ಹೊಡೆದವರಲ್ಲಿ ಅವರೂ ಒಬ್ಬರು. ತಂಡ ಸೋತಿತು, ಅದು ಬೇರೆ ಮಾತು.

ಇನ್ನೂ ಕೆಳಗೆ ಡಿವಿಷನ್ 3 ಇದೆ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ಪೇ ಇಲ್ಲ. ಅಲ್ಲಿನ ಗಗ್ಲಿಯಾರ್ಡಿ ಟ್ರೋಫಿಗೆ ಆಟದ ಜೊತೆ ಓದು, ಸಮಾಜಸೇವೆಯನ್ನೂ ನೋಡುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟವಾಯಿತು.

ಹಿಲ್ ಆಟ ಬಿಟ್ಟ ಮೇಲೆ ಅಲಬಾಮಾಕ್ಕೇ ವಾಪಸ್ ಬಂದು ಶಾಲೆಯಲ್ಲಿ ಮೇಷ್ಟ್ರಾದರಂತೆ. ಮುಂದಿನ ಬೆಂಚಿನ ಮಕ್ಕಳಿಗೆ ಎದುರಿಗೆ ನಿಂತಿರುವವರು ಯಾರು ಅಂತ ಗೊತ್ತಿತ್ತಾ? ಬೆಳಗ್ಗೆಯಿಂದ ಇದೇ ಯೋಚನೆ.